ಕಾಟುಮಾವಿನ ದಿಮ್ಮಿಯಲ್ಲಿ ಎದ್ದ ಹಲ್ಲಣಬೆ ಯಾವುದು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಆಡೂರು ಕಡೆಯವನು, ಶಾಲಾ ಮಾಷ್ಟ್ರು. ನಮ್ಮ ಕುಟುಂಬದ ನಾಗಬನದ ಅಂಚಿನಲ್ಲಿ ಮೂರು ಮಳೆಗಾಲದ ಹಿಂದೆ ಗಾಳಿಗೆ ಬಿದ್ದ ಕಾಟುಮಾವಿನ ಮರವೊಂದು ಅಲ್ಲೇ ಕೊಳೆಯುತ್ತಿದೆ. ಈ ಆಟಿಯಲ್ಲಿ ಅದರ ಬದಿಯಿಂದ ಬೀಸಣಿಗೆಯ ಆಕಾರದ ಅಣಬೆಗಳು ಒಂದರ ಮೇಲೊಂದು ಎದ್ದಿವೆ. ಮೇಲೆ ಬಿಳಿ ರೋಮ, ಕೆಳಗೆ ಗೆರೆಗಳ ಬದಲು ದನದ ನಾಲಗೆಯ ಹಾಗೆ ಸಣ್ಣ ಸಣ್ಣ ಹಲ್ಲು. ಬೆರಳಲ್ಲಿ ಒತ್ತಿದರೆ ನೀರು ಕುಡಿದ ಸ್ಪಂಜಿನಂತೆ ತಗ್ಗುತ್ತದೆ. ಒಂದು ತುಂಡನ್ನು ಮನೆಗೆ ತಂದಿಟ್ಟೆ, ಮರುದಿನ ಹಲ್ಲುಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ತಂಗಿಯ ಮಗ ಮೊಬೈಲಿನಲ್ಲಿ ನೋಡಿ ಇದು ‘ಸಿಂಹದ ಕೇಸರ’ ಎಂಬ ದುಬಾರಿ ಅಣಬೆ, ಸಾರು ಮಾಡಬಹುದು ಎನ್ನುತ್ತಾನೆ. ಹಲ್ಲಿರುವ ಅಲಂಬು (ಅಣಬೆ) ತಿನ್ನುವುದಕ್ಕಿಲ್ಲ ಎಂದು ಅಮ್ಮ ಪಟ್ಟು ಹಿಡಿದಿದ್ದಾರೆ. ಇದು ಯಾವುದು? ತಿನ್ನಬಹುದೇ? ಪಕ್ಕದಲ್ಲೇ ಅಡಕೆ ತೋಟ ಇದೆ, ಅಣಬೆ ರೋಗ ಇದರಿಂದ ಹಬ್ಬೀತೇ? ನಾಲ್ಕು ಫೋಟೊ ಕಳಿಸಿದ್ದೇನೆ. ಆ ದಿಮ್ಮಿಯನ್ನು ಸುಟ್ಟುಬಿಡೋಣವೇ?

ಉತ್ತರ: ಮಾಷ್ಟ್ರೇ, ಮೊದಲು ಅಡುಗೆಮನೆಯ ಮಾತು ಮುಗಿಸಿಬಿಡೋಣ. ಅದನ್ನು ತಿನ್ನಬೇಡಿ. ಅಮ್ಮನ ಮಾತೇ ನಿಲ್ಲಲಿ. ಇದು ಸಿಂಹದ ಕೇಸರವಲ್ಲ. ಅಡಕೆ ತೋಟದ ಬಗ್ಗೆಯೂ ಇದರಿಂದ ಭಯ ಬೇಡ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಕಂಡದ್ದು ನಮ್ಮ ಗುಡ್ಡೆಗಳಲ್ಲಿ ಪದೇಪದೇ ಕಣ್ಣಿಗೆ ಬೀಳುವ ಜಾತಿಯಲ್ಲ.

ನನ್ನ ಅಂದಾಜಿನಲ್ಲಿ ಇದು ಕ್ಲೈಮಕೊಡಾನ್ ಪುಲ್ಕೆರಿಮಸ್. ಗ್ರೀಕಿನಲ್ಲಿ ‘ಕ್ಲೈಮಾಕ್ಸ್’ ಎಂದರೆ ಏಣಿ, ‘ಓಡಾನ್’ ಎಂದರೆ ಹಲ್ಲು. ಪುಲ್ಕೆರಿಮಸ್ ಲ್ಯಾಟಿನ್ ಪದ, ಎಲ್ಲಕ್ಕಿಂತ ಚೆಲುವಾದದ್ದು ಎಂದರ್ಥ. ದಿಮ್ಮಿಯ ಬದಿಯಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಹೊರಚಾಚಿ, ಕೆಳಗೆಲ್ಲ ಹಲ್ಲು ತುಂಬಿಕೊಂಡಿರುವ ಕುಲಕ್ಕೆ ಈ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಈ ಜಾತಿಯನ್ನು ಬರ್ಕ್ಲಿ ಮತ್ತು ಕರ್ಟಿಸ್ ಎಂಬ ಅಣಬೆ ತಜ್ಞರು 1849ರಲ್ಲಿ ಹಿಡ್ನಮ್ ಪುಲ್ಕೆರಿಮಮ್ ಎಂಬ ಹೆಸರಿನಲ್ಲಿ ವಿವರಿಸಿದರು. ಈಗಿನ ಕುಲಕ್ಕೆ ಇದು ಬಂದದ್ದು 1961ರಲ್ಲಿ. ಡೊಂಕಿಯಾ ಎಂಬ ಬೇರೆ ಕುಲದಲ್ಲಿ ಇಡುವವರೂ ಇದ್ದಾರೆ.

ಹೆಸರು ಹೀಗೆ ಮನೆ ಬದಲಿಸಿದ್ದಕ್ಕೆ ಕಾರಣ ಇದೆ, ನಿಮ್ಮ ಅಳಿಯ ಎಡವಿದ್ದೂ ಅಲ್ಲೇ. ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್‌ನ ಕಾಲದಲ್ಲಿ ಅಣಬೆಯ ಕೆಳಗೆ ಹಲ್ಲು ಕಂಡರೆ ಸಾಕು, ಅದು ಹಿಡ್ನಮ್. ಗೆರೆ ಕಂಡರೆ ಒಂದು ಗುಂಪು, ತೂತು ಕಂಡರೆ ಇನ್ನೊಂದು, ಹಲ್ಲು ಕಂಡರೆ ಮತ್ತೊಂದು. ನೋಡುವುದಕ್ಕೆ ಬಹಳ ಅಚ್ಚುಕಟ್ಟು. ಆದರೆ ಹಲ್ಲು ಕುಲದ ಗುರುತಲ್ಲ, ಅದೊಂದು ಉಪಾಯ. ಬೀಜದಂತೆ ಸಂತಾನ ಹರಡುವ ಸೂಕ್ಷ್ಮ ಕಣಗಳಾದ ಬೀಜಕಗಳನ್ನು ಉದುರಿಸಲು ಅಣಬೆಗೆ ಆದಷ್ಟು ಹೆಚ್ಚು ಮೈ ಬೇಕು. ಸಣ್ಣ ಜಾಗದಲ್ಲಿ ಮೈ ಹೆಚ್ಚಿಸಿಕೊಳ್ಳಲು ಒಂದು ಅಣಬೆ ಗೆರೆಗೆರೆಯಾಗಿ ಮಡಚಿಕೊಂಡಿತು, ಇನ್ನೊಂದು ತೂತು ಕೊರೆಯಿತು, ಮತ್ತೊಂದು ಹಲ್ಲು ಇಳಿಬಿಟ್ಟಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ವಂಶಗಳು ಬೇರೆಬೇರೆ ಕಾಲದಲ್ಲಿ ಈ ಹಲ್ಲಿನ ಉಪಾಯಕ್ಕೆ ಬಂದಿವೆ. ಸಿಂಹದ ಕೇಸರ ಎನ್ನುವ ಹೆರಿಸಿಯಂ ರುಸುಲಾಗಳ ಗಣಕ್ಕೆ ಸೇರಿದ್ದು. ಯೂರೋಪಿನವರು ಪಲ್ಯ ಮಾಡುವ ಹಿಡ್ನಮ್ ರಿಪ್ಯಾಂಡಮ್ ಶ್ಯಾಂಟರೆಲ್ ಅಣಬೆಗಳ ನಂಟ. ನಿಮ್ಮ ದಿಮ್ಮಿಯದು ಮರ ಕೊಳೆಸುವ ಪಾಲಿಪೋರ್‌ಗಳ ಗಣದ್ದು. ಬಾವಲಿಗೂ ಹದ್ದಿಗೂ ರೆಕ್ಕೆ ಇದೆಯೆಂದು ಅವೆರಡನ್ನು ಅಣ್ಣತಮ್ಮ ಎನ್ನುತ್ತೇವೆಯೇ? ಹಾಗಾಗಿ ಹಲ್ಲು ಕಂಡಾಗ ‘ಇದಕ್ಕೆ ಹಲ್ಲಿದೆ, ಇದು ಇಂಥದ್ದು’ ಎನ್ನುವ ಬದಲು, ಆ ಹಲ್ಲು ಎಲ್ಲಿಂದ ಇಳಿದಿದೆ ಎಂದು ನೋಡಬೇಕು.

ಈ ಕಣ್ಣಿನಿಂದ ನಿಮ್ಮ ಫೋಟೊಗಳನ್ನು ನೋಡುತ್ತೇನೆ. ಎರಡನೆಯದರಲ್ಲಿ ಟೊಪ್ಪಿ ಸ್ಪಷ್ಟವಾಗಿದೆ. ಅರ್ಧಚಂದ್ರದಂತೆ ಮರಕ್ಕೆ ಅಂಟಿದೆ, ಕಾಲಿಲ್ಲ, ಮೇಲ್ಮೈಯಲ್ಲಿ ಒತ್ತಾದ ಮೃದು ರೋಮ. ಹೆರಿಸಿಯಂ ಎರಿನೇಸಿಯಸ್‌ಗೆ ಟೊಪ್ಪಿಯೇ ಇಲ್ಲ. ಅದು ಮರದಿಂದ ಎದ್ದ ಒಂದು ಬಿಳಿ ಮುದ್ದೆ. ಆ ಮುದ್ದೆಯಿಂದ ಸೆಂಟಿಮೀಟರುಗಟ್ಟಲೆ ಉದ್ದದ ಎಳೆಗಳು ಗಡ್ಡದ ಹಾಗೆ ಜೋತಾಡುತ್ತವೆ. ಓಕ್, ಬೀಚ್ ಮುಂತಾದ ಮರಗಳಿರುವ ತಂಪು ನಾಡುಗಳ ಕಾಡು ಅದರ ಮನೆ. ಇಲ್ಲಿ ಪೊಟ್ಟಣದಲ್ಲಿ ಮಾರಾಟಕ್ಕೆ ಬರುವುದು ಮರದ ಹೊಟ್ಟಿನ ಚೀಲದಲ್ಲಿ ಸಾಕಿದ್ದು.

ಮೂರನೆಯ ಫೋಟೊದಲ್ಲಿ ಪಕ್ಕಕ್ಕೆ ಹತ್ತು ರೂಪಾಯಿಯ ನಾಣ್ಯ ಇಟ್ಟಿದ್ದೀರಿ. ಇಂಥ ಫೋಟೊ ಕಳಿಸುವವರು ಅಪರೂಪ, ನಿಮಗೆ ಮನಸಾರೆ ಧನ್ಯವಾದ. ಆ ನಾಣ್ಯದ ವ್ಯಾಸ 27 ಮಿಲಿಮೀಟರ್. ಅದಕ್ಕೆ ಹೋಲಿಸಿದರೆ ಟೊಪ್ಪಿಯ ಅಗಲ ಸುಮಾರು 8 ಸೆಂಟಿಮೀಟರ್, ಹಲ್ಲಿನ ಉದ್ದ 5ರಿಂದ 6 ಮಿಲಿಮೀಟರ್. ಪುಲ್ಕೆರಿಮಸ್‌ನ ಟೊಪ್ಪಿ ಸಾಮಾನ್ಯವಾಗಿ 3ರಿಂದ 11 ಸೆಂಟಿಮೀಟರ್ ಅಗಲ ಇರುತ್ತದೆ, ಹಲ್ಲು ಹೆಚ್ಚೆಂದರೆ 8 ಮಿಲಿಮೀಟರಿನ ಆಸುಪಾಸು. ಅಳತೆ ಸರಿಯಾಗಿ ಕೂಡಿಬರುತ್ತದೆ. ತಂದಿಟ್ಟ ತುಂಡು ಕಿತ್ತಳೆಗೆ ತಿರುಗಿತು ಎಂದಿರಲ್ಲ, ಅದೂ ಇದರ ಸ್ವಭಾವವೇ. ಎಳೆಯದರಲ್ಲಿ ಹಲ್ಲು ಬಿಳುಪು, ಬಲಿಯುತ್ತ ಮತ್ತು ಒಣಗುತ್ತ ಬಣ್ಣ ಏರುತ್ತದೆ, ಹಲ್ಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇದರ ಜೊತೆ ಗೊಂದಲಕ್ಕೆ ಎಡೆಮಾಡುವ ಎರಡು ನಮ್ಮಲ್ಲಿವೆ. ಒಂದು ಇರ್ಪೆಕ್ಸ್ ಲ್ಯಾಕ್ಟಿಯಸ್. ಬಿದ್ದ ಕೊಂಬೆಗಳ ಮೇಲೆ ಹಾಲು ಚೆಲ್ಲಿದಂತೆ ಹಬ್ಬುವ ಬಿಳಿ ಪದರ. ಟೊಪ್ಪಿ ಇದ್ದರೂ ಅಂಚಿನಲ್ಲಿ ಸ್ವಲ್ಪ ಮಡಚಿಕೊಂಡಷ್ಟೇ. ಅದರ ಹಲ್ಲು ನಿಜದಲ್ಲಿ ಹಲ್ಲಲ್ಲ. ಮೊದಲು ತೂತುಗಳಿರುತ್ತವೆ, ಅವುಗಳ ಗೋಡೆ ಹರಿದು ಚಪ್ಪಟೆ ಚೂರುಗಳಾಗಿ ನಿಲ್ಲುತ್ತವೆ. ಅಂಚಿನ ಕಡೆ ಲೆನ್ಸ್ ಹಿಡಿದರೆ ಇನ್ನೂ ಹರಿಯದ ತೂತುಗಳು ಕಾಣಸಿಗುತ್ತವೆ. ನಿಮ್ಮದು ಬುಡದಿಂದಲೇ ದುಂಡಗೆ, ಸೂಜಿಯ ಹಾಗೆ ಚೂಪಾಗಿ ಇಳಿದಿದೆ. ಇನ್ನೊಂದು ಸ್ಟೆಕೆರಿನಮ್ ಓಕ್ರೇಸಿಯಮ್. ಅದು ತೆಳ್ಳಗಿನ ಚರ್ಮದಂಥ ಅಣಬೆ. ಹಲ್ಲು ಬಹಳ ಗಿಡ್ಡ, ಒಂದೆರಡು ಮಿಲಿಮೀಟರ್ ದಾಟುವುದಿಲ್ಲ, ಮೊದಲಿನಿಂದಲೂ ಕಾವಿ ಅಥವಾ ನಸುಗೆಂಪು ಬಣ್ಣ. ನಿಮ್ಮದು ಬೆರಳಲ್ಲಿ ಒತ್ತಿದರೆ ನೀರು ಕುಡಿದ ಸ್ಪಂಜಿನಂತೆ ತಗ್ಗುತ್ತದೆ ಎಂದು ಬರೆದಿದ್ದೀರಿ, ಚರ್ಮದಂಥದ್ದಾಗಿದ್ದರೆ ಹಾಗೆ ತಗ್ಗದು.

ಇಷ್ಟಾದರೂ ಫೋಟೊ ನೋಡಿ ಹೇಳಿದ ಹೆಸರು ಅಂದಾಜಿನ ಹೆಸರೇ. ಅದನ್ನು ಗಟ್ಟಿ ಮಾಡುವ ಪರೀಕ್ಷೆಯೊಂದು ನಿಮ್ಮ ಕೈಯಳತೆಯಲ್ಲೇ ಇದೆ. ನಿಮ್ಮ ಶಾಲೆಯಲ್ಲಿ ಅಥವಾ ಹತ್ತಿರದ ಹೈಯರ್ ಸೆಕೆಂಡರಿಯ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದರ 5 ಶೇಕಡಾ ದ್ರಾವಣ ಸಾಕು, 5 ಗ್ರಾಂ ಹರಳನ್ನು ನೀರಿಗೆ ಹಾಕಿ ಕರಗಿಸಿ 100 ಮಿಲಿಲೀಟರ್ ಮಾಡುವುದು. ಹರಳನ್ನು ನೀರಿಗೆ ಹಾಕಬೇಕೇ ಹೊರತು ಹರಳಿನ ಮೇಲೆ ನೀರು ಸುರಿಯಬಾರದು. ಕರಗುವಾಗ ಬಿಸಿಯೇಳುತ್ತದೆ, ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ನೀವೇ ಮಾಡಿ, ಮಕ್ಕಳು ದೂರ ನಿಂತು ನೋಡಲಿ. ಅಣಬೆಯನ್ನು ಬ್ಲೇಡಿನಿಂದ ಮೇಲಿನಿಂದ ಕೆಳಕ್ಕೆ ಸೀಳಿ, ಬಿಳಿಯ ಒಳಭಾಗಕ್ಕೆ ಒಂದು ತೊಟ್ಟು, ಮೇಲಿನ ರೋಮಕ್ಕೆ ಒಂದು ತೊಟ್ಟು ಬಿಡಿ. ಪುಲ್ಕೆರಿಮಸ್ ಆದರೆ ತೊಟ್ಟು ಬಿದ್ದಲ್ಲಿ ಗುಲಾಬಿಯಿಂದ ಕೆಂಪಿಗೆ ತಿರುಗುತ್ತದೆ. ಅರಸಿನದ ನೀರಿಗೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿಯೂ ಅಂಥದ್ದೇ ಸಂಗತಿ, ಅಣಬೆಯೊಳಗಿನ ವಸ್ತುವೊಂದು ಕ್ಷಾರ ತಗುಲಿ ಬಣ್ಣ ಬದಲಿಸುತ್ತದೆ.

ಹಾಗಾದರೆ ಎಲೆ ಅಡಕೆಯ ಸುಣ್ಣ ಹಚ್ಚಿ ನೋಡಬಹುದಲ್ಲ ಎಂದು ನಿಮಗೆ ಅನಿಸೀತು. ನನಗೂ ಹಿಂದೆ ಅನಿಸಿತ್ತು. ಆದರೆ ಸುಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಅದರ ಬಿಳಿ ಹಿಟ್ಟು ಅಣಬೆಯ ಮೇಲೆ ಕೂತು ಬಣ್ಣವನ್ನೇ ಮುಚ್ಚುತ್ತದೆ. ಪುಸ್ತಕಗಳಲ್ಲಿ ಬರೆದಿಟ್ಟ ಬಣ್ಣಗಳೆಲ್ಲ ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಸಂಬಂಧಿಸಿದವು. ಸುಣ್ಣಕ್ಕೆ ಬಣ್ಣ ಬಂತು ಬರಲಿಲ್ಲ ಎಂಬುದರಿಂದ ಏನನ್ನೂ ತೀರ್ಮಾನಿಸಲಾಗದು. ಇದೇ ತೊಟ್ಟನ್ನು ನಿಮ್ಮ ಗುಡ್ಡೆಯ ಒಣಮರಗಳ ಮೇಲಿನ ಹೈಮೆನೊಕೀಟೆ ಎಂಬ ಕಂದು ಬಣ್ಣದ ಅಣಬೆಗಳಿಗೆ ಬಿಟ್ಟರೆ ಅವು ಕಪ್ಪಾಗುತ್ತವೆ. ಆ ವಂಶದಲ್ಲೂ ಹಲ್ಲಿರುವವು ಇವೆ. ಕೆಂಪೋ ಕಪ್ಪೋ ಎಂಬ ಒಂದೇ ತೊಟ್ಟಿನ ಉತ್ತರ ಅವೆರಡನ್ನು ಬೇರ್ಪಡಿಸುತ್ತದೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಆಮ್ಲ ಕ್ಷಾರ ಕಲಿಸುವಾಗ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ಬೀಜಕದ ಅಚ್ಚನ್ನೂ ತೆಗೆಯಿರಿ. ಅರ್ಧ ಕಪ್ಪು, ಅರ್ಧ ಬಿಳಿ ಕಾಗದದ ಮೇಲೆ ತಾಜಾ ತುಂಡನ್ನು ಹಲ್ಲು ಕೆಳಗೆ ಮಾಡಿ ಇಟ್ಟು, ಮೇಲೊಂದು ಸ್ಟೀಲ್ ಪಾತ್ರೆ ಕವುಚಿ ರಾತ್ರಿಯಿಡೀ ಬಿಡಿ. ಕಪ್ಪು ಭಾಗದಲ್ಲಿ ಬಿಳಿ ಹುಡಿ ಕಾಣಬೇಕು.

ಸೂಕ್ಷ್ಮದರ್ಶಕ ಸಿಕ್ಕಿದರೆ ಇನ್ನೂ ಮುಂದೆ ಹೋಗಬಹುದು. ಈ ಅಣಬೆಯ ಬೀಜಕ ನುಣುಪಾದ ಅಂಡಾಕಾರ, ಉದ್ದ 4ರಿಂದ 6 ಮೈಕ್ರೊಮೀಟರ್, ಅಗಲ 1.5ರಿಂದ 3. ಅಯೋಡಿನ್ ಇರುವ ಮೆಲ್ಜರ್ ದ್ರಾವಣದಲ್ಲಿ ಹೆರಿಸಿಯಂನ ಬೀಜಕಗಳು ನೀಲಿಗಪ್ಪಾಗುತ್ತವೆ, ಇದರವು ಆಗುವುದಿಲ್ಲ. ಆದರೆ ನನಗೆ ಬಹಳ ಇಷ್ಟವಾದ ಗುರುತು ಬೇರೆ. ಅಣಬೆಯ ಮೈಯೆಲ್ಲ ಹೈಫೆ ಎಂಬ ಸೂಕ್ಷ್ಮ ಎಳೆಗಳ ನೇಯ್ಗೆ. ಎಳೆಯಲ್ಲಿ ಎರಡು ಕೋಶಗಳು ಸೇರುವ ಗಂಟಿನಲ್ಲಿ ಪಕ್ಕಕ್ಕೊಂದು ಸಣ್ಣ ಕೊಂಡಿ ಇರುತ್ತದೆ. ಬಹಳಷ್ಟು ಅಣಬೆಗಳಲ್ಲಿ ಗಂಟಿಗೆ ಒಂದೇ ಕೊಂಡಿ. ಪುಲ್ಕೆರಿಮಸ್‌ನಲ್ಲಿ ಕೆಲವು ಗಂಟುಗಳ ಸುತ್ತ ಒಂದಕ್ಕಿಂತ ಹೆಚ್ಚು ಕೊಂಡಿಗಳು ಕಾಣುತ್ತವೆ, ಸೊಂಟಕ್ಕೆ ಉಡಿದಾರದ ಗೊಂಡೆ ಕಟ್ಟಿದ ಹಾಗೆ. ಎಳೆಗಳೆಲ್ಲ ಒಂದೇ ಬಗೆಯವು, ಗಟ್ಟಿ ಕಂಬದಂಥ ದಪ್ಪಗೋಡೆಯ ಎಳೆ ಇದರಲ್ಲಿ ಇಲ್ಲ. ಅದಕ್ಕೇ ಅದು ಒತ್ತಿದರೆ ತಗ್ಗುವುದು.

ಎಳೆಗಳ ಬಗೆಯನ್ನು ಎಣಿಸಿ ಅಣಬೆಯನ್ನು ಗುರುತಿಸುವ ಈ ದಾರಿಯನ್ನು ತೋರಿಸಿಕೊಟ್ಟವರು ಇ. ಜೆ. ಎಚ್. ಕಾರ್ನರ್, 1932ರಲ್ಲಿ. ಸಿಂಗಾಪುರದ ಸಸ್ಯೋದ್ಯಾನದಲ್ಲಿ ಕೆಲಸ ಮಾಡುತ್ತಿದ್ದ ಅವರು ಅದಕ್ಕೆ ಆರಿಸಿಕೊಂಡ ಅಣಬೆಗಳಲ್ಲಿ ಒಂದು, ಈಗ ಮೈಕ್ರೊಪೋರಸ್ ಕ್ಸಾಂಥೋಪಸ್ ಎಂದು ಕರೆಯುವ ಹಳದಿ ಕಾಲಿನ ತೆಳು ಆಲಿಕೆಯಂಥದ್ದು. ಮುಳಿಯಾರು, ಕಾರಡ್ಕದ ಕಾಡುಗಳಿಂದ ರಾಣಿಪುರದ ಇಳಿಜಾರಿನ ತನಕ ಒಣಕೊಂಬೆಗಳ ಮೇಲೆ ಹುಡುಕಿ ನೋಡಿ. ಶಾಸ್ತ್ರದ ಅಷ್ಟು ದೊಡ್ಡ ಹೆಜ್ಜೆಗೆ ಕಾರಣವಾದ ಅಣಬೆ ನಮ್ಮ ಮಕ್ಕಳು ಶಾಲೆಗೆ ನಡೆದುಹೋಗುವ ಕಾಲುದಾರಿಯ ಬದಿಯಲ್ಲೂ ಇರಬಲ್ಲದು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪುಲ್ಕೆರಿಮಸ್ ಎಂಬ ಹೆಸರು ಅಮೆರಿಕದ ಮಾದರಿಯೊಂದಕ್ಕೆ ಇಟ್ಟದ್ದು. ಬಿಸಿನಾಡುಗಳಲ್ಲಿ ಅದರಂತೆ ಕಾಣುವುದಕ್ಕೆಲ್ಲ ಅದೇ ಹೆಸರು ಹಚ್ಚುವುದು ರೂಢಿ. ಕಡಲಿನ ಆಚೆ ಈಚೆ ಇರುವ ಎರಡು ಅಣಬೆಗಳು ನೋಡಲು ಒಂದೇ ತರ ಇದ್ದು, ಡಿಎನ್‌ಎ ಓದಿದಾಗ ಬೇರೆಯೆಂದು ಗೊತ್ತಾದ ಉದಾಹರಣೆಗಳು ಅಣಬೆಲೋಕದಲ್ಲಿ ಬೇಕಾದಷ್ಟಿವೆ. ಐಟಿಎಸ್ ಎಂಬ ಡಿಎನ್‌ಎ ತುಣುಕನ್ನು 2012ರಲ್ಲಿ ಶಿಲೀಂಧ್ರಗಳ ಗುರುತುಪಟ್ಟಿಯಾಗಿ ಒಪ್ಪಿಕೊಂಡ ಮೇಲೆ ಹೋಲಿಸಿ ನೋಡುವುದು ಸುಲಭವಾಗಿದೆ. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ‘ಪುಲ್ಕೆರಿಮಸ್ ಗುಂಪು’ ಎಂದು ಬರೆದುಕೊಳ್ಳಿ. ಮಾದರಿ ಚೆನ್ನಾಗಿ ಉಳಿದರೆ ಮುಂದೆ ಯಾರಾದರೂ ಅದರ ಡಿಎನ್‌ಎ ಓದಬಹುದು.

ಇನ್ನು ತಿನ್ನುವ ವಿಚಾರ. ಇದು ವಿಷದ ಅಣಬೆಗಳ ಪಟ್ಟಿಯಲ್ಲಿಲ್ಲ, ತಿನ್ನುವ ಅಣಬೆಗಳ ಪಟ್ಟಿಯಲ್ಲೂ ಇಲ್ಲ. ಒಳಗೆ ನಾರು, ಬಲಿತರೆ ಜಗಿಯಲಾಗದು. ಇದರ ತಂಪುನಾಡಿನ ನಂಟ ಕ್ಲೈಮಕೊಡಾನ್ ಸೆಪ್ಟೆಂಟ್ರಿಯೊನಾಲಿಸ್ ಗಡುಸು ಮಾತ್ರವಲ್ಲ, ಕಹಿಯೂ ಹೌದು. ‘ವಿಷ ಎಂದು ಯಾರೂ ಹೇಳಿಲ್ಲ’ ಎಂಬುದು ‘ತಿನ್ನಬಹುದು’ ಎಂದಾಗುವುದಿಲ್ಲ. ನಮ್ಮ ಹಿರಿಯರು ಕಲ್ಲಲಂಬನ್ನೂ ಹುತ್ತದ ಅಣಬೆಯನ್ನೂ ತಿನ್ನುತ್ತ ಬಂದದ್ದು ತಲೆಮಾರುಗಳ ಅನುಭವದಿಂದ. ಈ ಹಲ್ಲಣಬೆಗೆ ಅಂಥ ಅನುಭವದ ಬೆಂಬಲ ಇಲ್ಲ. ನಿಮ್ಮ ಅಮ್ಮನ ನಿಯಮ ಯೂರೋಪಿಗೆ ಹೊಂದಲಿಕ್ಕಿಲ್ಲ, ಆದರೆ ಆಡೂರಿನ ಗುಡ್ಡೆಗೆ ಅದು ಸರಿಯಾದ ನಿಯಮ. ಬಸವನಹುಳ ತಿಂದಿದೆ, ಬೆಳ್ಳುಳ್ಳಿ ಹಾಕಿದರೆ ಕಪ್ಪಾಗಲಿಲ್ಲ, ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳನ್ನು ಮಾತ್ರ ನಂಬಬೇಡಿ. ಅಮನೀಟಾ ಎಂಬ ಕೊಲ್ಲುವ ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದು 6 ಗಂಟೆಗೂ ಹೆಚ್ಚು ಕಾಲ ಏನೂ ಆಗದೆ, ಎಲ್ಲ ಸರಿಯಿದೆ ಎಂದುಕೊಂಡ ಮೇಲೆ ವಾಂತಿಭೇದಿ ಶುರುವಾಗುತ್ತದೆ. ಅಳಿಯನಿಗೆ ಇದನ್ನು ಕೂರಿಸಿ ಹೇಳಿ. ಮೊಬೈಲಿನ ಆ್ಯಪ್ ಒಂದು ಫೋಟೊದ ಹೊರಮೈಯನ್ನಷ್ಟೇ ನೋಡುತ್ತದೆ. ಸೀಳಿ ನೋಡುವುದಿಲ್ಲ, ಮೂಸುವುದಿಲ್ಲ, ತೊಟ್ಟು ಬಿಡುವುದಿಲ್ಲ.

ಅಡಕೆಯ ವಿಚಾರಕ್ಕೆ ಬರುತ್ತೇನೆ. ನೀವು ಭಯಪಟ್ಟ ಅಣಬೆ ರೋಗ ಗ್ಯಾನೊಡರ್ಮಾ ಎಂಬ ಬೇರೆಯೇ ಅಣಬೆಯ ಕೆಲಸ. ಅದು ಜೀವಂತ ಮರದ ಬೇರಿನಿಂದ ಹೊಕ್ಕು ಬುಡವನ್ನು ಕೊಳೆಸುತ್ತದೆ. ಮೊದಲು ಹೊರಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ, ಬುಡದಲ್ಲಿ ಕಂದು ಕಲೆಗಳಾಗಿ ರಸ ಒಸರುತ್ತದೆ. ಬುಡದಲ್ಲಿ ಅಣಬೆ ಏಳುವ ಹೊತ್ತಿಗೆ ಸಾಮಾನ್ಯವಾಗಿ ಮರ ಕೈಬಿಟ್ಟುಹೋಗಿರುತ್ತದೆ. ಅದು ಕಟ್ಟಿಗೆಯಂತೆ ಗಟ್ಟಿ, ಮೇಲೆ ಕೆಂಗಂದು ಮೆರುಗೆಣ್ಣೆ ಬಳಿದ ಹೊಳಪು, ಕೆಳಗೆ ಹಲ್ಲಲ್ಲ, ಸೂಜಿಮೊನೆಯಷ್ಟು ಸಣ್ಣ ತೂತುಗಳು, ಬೀಜಕದ ಹುಡಿ ಕಂದು. ನಿಮ್ಮ ಹಲ್ಲಣಬೆ ಸತ್ತ ಮರದಲ್ಲಿ ಬದುಕುವಂಥದ್ದು, ನಿಂತ ಅಡಕೆಮರಕ್ಕೆ ಅದರಿಂದ ಅಪಾಯ ಇಲ್ಲ. ತೋಟದಲ್ಲಿ ಸೋಗೆ ಜೋಲುವ ಮರ ಕಂಡರೆ ಮಾತ್ರ ತಡಮಾಡದೆ ಬುಡ ಬಿಡಿಸಿ ನೋಡಿ. ರೋಗ ತಗುಲಿದ ಮರದ ಸುತ್ತ ಕಣಿ ತೋಡಿ ಬೇರಿನ ಸಂಪರ್ಕ ಕಡಿಯುವುದು, ನೀರು ನಿಲ್ಲದ ಹಾಗೆ ಬಸಿಗಾಲುವೆ ಮಾಡುವುದು, ಬುಡಕ್ಕೆ ಬೇವಿನ ಹಿಂಡಿ ಹಾಕುವುದು ಮುಖ್ಯ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ನಿಮಗೆ ದೂರವಲ್ಲ, ಅಂಥ ಮರ ಕಂಡರೆ ಅಲ್ಲಿ ವಿಚಾರಿಸಿ.

ಆ ದಿಮ್ಮಿಯನ್ನು ಸುಟ್ಟುಬಿಡೋಣವೇ ಎಂದು ಕೊನೆಯಲ್ಲೊಂದು ಸಾಲು ಸೇರಿಸಿದ್ದೀರಿ. ದಯವಿಟ್ಟು ಬೇಡ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಅನ್ನು ಬಿಡಿಸಬಲ್ಲ ಜೀವಿಗಳು ಬಹಳ ಕಡಿಮೆ. ಈ ಬಗೆಯ ಬಿಳಿಕೊಳೆತದ ಅಣಬೆಗಳು ಆ ಕೆಲಸ ಮಾಡುತ್ತವೆ. ದಿಮ್ಮಿಯ ಒಂದು ಚಕ್ಕೆ ಎಬ್ಬಿಸಿ ನೋಡಿ, ಒಳಗೆ ಮರ ಬಿಳಿಚಿ, ನಾರುನಾರಾಗಿ ಸುಲಿದು ಬರುತ್ತದೆ. ಮೂರು ಮಳೆಗಾಲ ತಿಂದ ಗುರುತು ಅದು. ಬನದ ಮಣ್ಣಿಗೆ ಕಾಟುಮಾವು ಮರಳಿ ಸೇರುವ ದಾರಿಯೂ ಅದೇ. ಬನದಲ್ಲಿ ಬಿದ್ದ ಕಟ್ಟಿಗೆ ಮುಟ್ಟಬಾರದೆಂಬ ಕಟ್ಟಳೆ ಇರುವಲ್ಲೇ ಇಂಥ ಜಾತಿಗಳು ಉಳಿದಿರುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. ಸ್ವಚ್ಛ ಮಾಡಿ ಸಿಮೆಂಟು ಹಾಸಿದ ಬನಗಳಲ್ಲಿ ಹುಡುಕಿದಾಗ ನನಗೆ ಬರಿಗೈ.

ಮಾದರಿಗೆ ಒಂದೇ ಒಂದು ಟೊಪ್ಪಿ ಸಾಕು, ಅದೂ ಮನೆಯ ಹಿರಿಯರ ಒಪ್ಪಿಗೆ ಪಡೆದು. ಮುಂದೆ ರಕ್ಷಿತಾರಣ್ಯದಲ್ಲಿ ಇಂಥದ್ದು ಕಂಡರೆ ಫೋಟೊಕ್ಕೆ ನಿಲ್ಲಿಸಿ, ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆಟಿಯಲ್ಲಿ ಬಿಸಿಲಿನ ಆಸೆ ಬೇಡ. ಒಲೆಯ ಮೇಲಿನ ಅಟ್ಟಕ್ಕೂ, ಕೊಬ್ಬರಿ ಒಣಗಿಸುವ ಗೂಡಿಗೂ ಹಾಕಬೇಡಿ, ಹೊಗೆ ಮತ್ತು ಹೆಚ್ಚು ಬಿಸಿ ಎರಡೂ ಮಾದರಿಯನ್ನು ಕೆಡಿಸುತ್ತವೆ. ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಕಾಲದ 60 ವ್ಯಾಟಿನ ಬಲ್ಬ್ ಉರಿಸಿ, ಗಾಳಿಯಾಡಲು ತೂತು ಬಿಟ್ಟು, 40 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ದಿನ ಇಡಿ, ಬಲ್ಬಿಗೆ ರಟ್ಟು ತಾಗದಿರಲಿ. ಮುರಿದರೆ ಚಟ್ಟೆನ್ನಬೇಕು. ಆಮೇಲೆ ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಲಕೋಟೆಯ ಮೇಲೆ ದಿನಾಂಕ, ಸ್ಥಳ, ಕಾಟುಮಾವಿನ ದಿಮ್ಮಿ ಎಂಬುದು, ತಾಜಾ ಇದ್ದಾಗಿನ ಬಣ್ಣ, ಕ್ಷಾರದ ತೊಟ್ಟಿಗೆ ಬಂದ ಬಣ್ಣ ಇಷ್ಟನ್ನೂ ಬರೆಯಿರಿ. ಕೆಂಪು ಬಂದರೆ ಆ ತುಂಡಿನ ಫೋಟೊವನ್ನು ಅದೇ ಹತ್ತು ರೂಪಾಯಿಯ ನಾಣ್ಯ ಪಕ್ಕಕ್ಕಿಟ್ಟು ಕಳಿಸಿ. ಬಾರದಿದ್ದರೂ ಕಳಿಸಿ, ಆಗ ನಾನು ಸ್ಟೆಕೆರಿನಮ್‌ನ ಕಡೆಯಿಂದ ಮತ್ತೆ ಹುಡುಕಲು ತೊಡಗಬೇಕು.